ಲಾರಿಗೂ ಒಂದು ರೈಲು

ಗೂಡ್ಸ್ ರೈಲಿನ ಬಳಗದಲ್ಲಿ ಬಡಪಾಯಿ ಎಂದರೆ ಫ್ಲಾಟ್ ವ್ಯಾಗನ್. ಗೋಡೆಯಿಲ್ಲ, ಚಾವಣಿಯಿಲ್ಲ. ಎರಡು ತುದಿಗೆ ನಾಲ್ಕು ನಾಲ್ಕು ಚಕ್ರ, ಮೇಲೊಂದು ಉಕ್ಕಿನ ಹಾಸು. ಹಳಿ, ಉಕ್ಕು ಸಾಗಿಸುವ ಇಂಥ ಬಿಆರ್‌ಎನ್ ವ್ಯಾಗನ್‌ಗಳ ಮೇಲೆ ಕೊಂಕಣ ರೈಲ್ವೆ 1999ರಲ್ಲಿ ಸರಕು ತುಂಬಿದ ಲಾರಿಗಳನ್ನೇ ಹತ್ತಿಸಿತು. ಮೊದಲು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಓಡಿದ ಈ ‘ರೋ-ರೋ’ ರೈಲು 2004ರಲ್ಲಿ ನಮ್ಮ ಸುರತ್ಕಲ್ ತಲುಪಿತು.

ಇದಕ್ಕೆ ಕ್ರೇನ್ ಬೇಡ, ಹಮಾಲರೂ ಬೇಡ. ರೈಲಿನ ತುದಿಯ ರ‍್ಯಾಂಪ್ ಏರಿದ ಲಾರಿ, ವ್ಯಾಗನ್‌ಗಳ ಮೇಲೆಯೇ ಒಂದರಿಂದೊಂದಕ್ಕೆ ದಾಟುತ್ತ ಆ ತುದಿಯವರೆಗೆ ಹೋಗಬೇಕು. ಅಕ್ಕಪಕ್ಕ ಉಳಿಯುವ ಜಾಗ ಅತ್ಯಲ್ಪ. ಸ್ಟೀರಿಂಗ್ ಹಿಡಿದವನ ಕೈ ಪಳಗಿರಬೇಕು. ಆಮೇಲೆ ಚಕ್ರಕ್ಕೆ ಅಡೆ ಕೊಟ್ಟು ಬಿಗಿದರೆ ಮುಗಿಯಿತು. ಚಾಲಕ, ಕ್ಲೀನರ್ ತಮ್ಮ ಕ್ಯಾಬಿನ್‌ನಲ್ಲೇ ಕುಳಿತು, ಎಂಜಿನ್ ಆರಿಸಿ 700 ಕಿ.ಮೀ.ಗೂ ಹೆಚ್ಚು ದೂರ ಸಾಗುತ್ತಾರೆ.

ತೂಕದಷ್ಟೇ ಕಾಡುವುದು ಎತ್ತರ. ವ್ಯಾಗನ್ನಿನ ಹಾಸೇ ಹಳಿಯಿಂದ ಒಂದು ಮೀಟರಿಗಿಂತ ಮೇಲಿದೆ. ಅದರ ಮೇಲೆ ಲಾರಿ, ಲಾರಿಯ ಮೇಲೆ ಟಾರ್ಪಾಲ್ ಹೊದ್ದ ಹೊರೆ. ಮಾರ್ಗದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ಸುರಂಗ ಮೇಲ್ಗಡೆ ಕಮಾನಾಗಿ ಕಿರಿದಾಗುವುದರಿಂದ ಹೊರೆಯ ನಡುಭಾಗಕ್ಕಿಂತ ಮೂಲೆಗಳಿಗೇ ಅಪಾಯ ಹೆಚ್ಚು. 2022ರಲ್ಲಿ ಇಡೀ ಮಾರ್ಗದ ವಿದ್ಯುದೀಕರಣ ಮುಗಿದ ಮೇಲೆ ತಲೆಯ ಮೇಲೆ 25,000 ವೋಲ್ಟ್ ತಂತಿಯೂ ಇದೆ. ಹಾಗಾಗಿ ಅಳತೆ ಮೀರಿದ ಲಾರಿಗೆ ರೈಲೇರುವ ಭಾಗ್ಯವಿಲ್ಲ.

ಮಾದರಿ ರೈಲು ಕಟ್ಟುವ ಹವ್ಯಾಸಿಗಳಿಗೆ ಇದೇ ವ್ಯಾಗನ್ನಿನದು ತದ್ವಿರುದ್ಧ ತಕರಾರು. 1:87 ಅಳತೆಗೆ ಇಳಿಸಿದಾಗ ಅದು ತೀರಾ ಹಗುರವಾಗಿ ತಿರುವಿನಲ್ಲಿ ಹಳಿ ತಪ್ಪುತ್ತದೆ. ಮುಚ್ಚಿದ ವ್ಯಾಗನ್ ಆದರೆ ಒಳಗೆ ಸೀಸ ಬಚ್ಚಿಡಬಹುದು. ಇಲ್ಲಿ ಬಚ್ಚಿಡಲು ಒಳಗೆಂಬುದೇ ಇಲ್ಲ! ಅಡಿಯ ತೊಲೆಗಳ ಸಂದಿನಲ್ಲಿ ಅಂಟಿಸಬೇಕು, ಇಲ್ಲವೇ ಮೇಲಿನ ಹೊರೆಯನ್ನೇ ಭಾರ ಮಾಡಬೇಕು.

ಮತ್ತೆ ನಿಜವಾದ ರೈಲಿಗೆ ಬಂದರೆ, ಸರಕಿನ ಜೊತೆಗೆ ಲಾರಿಯ ತೂಕವನ್ನೂ ಎಳೆಯುವುದು ದಂಡವಲ್ಲವೇ? ಲೆಕ್ಕದಲ್ಲಿ ದಂಡವೇ. ಬರೀ ಕಂಟೇನರ್ ಸಾಗಿಸುವುದು ಹಗುರದ ದಾರಿ. ಆದರೆ ಕಂಟೇನರ್ ಇಳಿದ ಮೇಲೆ ಅದನ್ನೆತ್ತಲು ಯಂತ್ರ ಬೇಕು, ಗೋದಾಮಿಗೆ ಒಯ್ಯಲು ಬೇರೆ ಗಾಡಿ ಬೇಕು; ಲಾರಿ ಇಳಿದ ಗಳಿಗೆಯೇ ಹೊರಟುಬಿಡುತ್ತದೆ. ಈ ಅನುಕೂಲ ನೋಡಿಯೇ ನೈಋತ್ಯ ರೈಲ್ವೆ 2020ರಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಸಮೀಪದ ಬಾಳೆಗೆ ಇಂಥದೇ ರೈಲು ಬಿಟ್ಟಿತು. ಕರಾವಳಿಯಲ್ಲಿ ಲಾರಿ ಮಾಲೀಕರ ಲೆಕ್ಕ ಸರಳ: ಡೀಸೆಲ್, ಟೈರು, ಟೋಲ್ ಸೇರಿ ರೈಲಿನ ಬಾಡಿಗೆಯನ್ನು ಮೀರಿದರೆ ಸುರತ್ಕಲ್ಲಿನ ರ‍್ಯಾಂಪ್, ಇಲ್ಲವಾದರೆ ಪಕ್ಕದ ಹೆದ್ದಾರಿ 66.