ಎರಡು ಕಡೆಯ ದೀಪಕ್ಕೆ ಸ್ಮಾರ್ಟ್ ಸ್ವಿಚ್ಚು

ಹಿಂಬಾಗಿಲಲ್ಲೊಂದು, ಕೊಟ್ಟಿಗೆಯಲ್ಲೊಂದು ಟೂ-ವೇ ಸ್ವಿಚ್ಚು ಹಾಕಿಸಿ, ಒಂದೇ ದೀಪವನ್ನು ಎರಡೂ ಕಡೆಯಿಂದ ಉರಿಸುವ ಅನುಕೂಲ ಅನೇಕ ರೈತರ ಮನೆಗಳಲ್ಲಿದೆ. ಇದರ ಬದಲಿಗೆ ಮೊಬೈಲಿನಿಂದ ನಡೆಯುವ ಸ್ಮಾರ್ಟ್ ಸ್ವಿಚ್ಚು ಹಾಕಿಸುವವರು ಮೂರು ಅಂಶಗಳನ್ನು ಗಮನಿಸಬೇಕು.

1. ಟೂ-ವೇ ಸ್ವಿಚ್ಚಿಗೆ ನ್ಯೂಟ್ರಲ್ ತಂತಿ ಬೇಕಿಲ್ಲ. ಆದರೆ ಸ್ಮಾರ್ಟ್ ಸ್ವಿಚ್ಚು ದೀಪ ಆರಿದಾಗಲೂ ಕೆಲಸ ಮಾಡುತ್ತಿರಬೇಕಾದ್ದರಿಂದ, ಬಹುಪಾಲು ಮಾದರಿಗಳಿಗೆ ಫೇಸ್, ನ್ಯೂಟ್ರಲ್ ಎರಡೂ ಸದಾ ಸಿಗಬೇಕು. ನ್ಯೂಟ್ರಲ್ ಇಲ್ಲವೆಂದು ಅರ್ಥಿಂಗ್ ತಂತಿಯನ್ನು ಎಂದಿಗೂ ಬಳಸಬಾರದು. ಮುಂದೆ ಆ ತಂತಿ ಕಡಿದರೆ, ಅದಕ್ಕೆ ಸೇರಿದ ಲೋಹದ ಭಾಗಗಳಿಗೆ ವಿದ್ಯುತ್ ಹರಿದು, ಒದ್ದೆ ನೆಲದಲ್ಲಿ ನಿಂತ ರಾಸುಗಳಿಗೂ ಮನುಷ್ಯರಿಗೂ ಪ್ರಾಣಾಪಾಯ.

2. ಫೇಸ್ ಬರುವ ಕಡೆ ಹಳೆಯ ಸ್ವಿಚ್ಚನ್ನೇ ಉಳಿಸಿದರೆ, ಅದನ್ನು ಒತ್ತಿದಾಗ ಸ್ಮಾರ್ಟ್ ಸ್ವಿಚ್ಚಿಗೇ ವಿದ್ಯುತ್ ನಿಲ್ಲುತ್ತದೆ. ಆದ್ದರಿಂದ ಅದನ್ನು ತೆಗೆದು, ಫೇಸನ್ನು ನಡುವಿನ ಎರಡು ತಂತಿಗಳಲ್ಲಿ ಒಂದಕ್ಕೆ ನೇರವಾಗಿ ಜೋಡಿಸಿ, ಇನ್ನೊಂದರ ಎರಡೂ ತುದಿಗಳನ್ನು ಭದ್ರವಾಗಿ ಮುಚ್ಚಬೇಕು. ದೀಪದ ತಂತಿ ಹೊರಡುವ ಪೆಟ್ಟಿಗೆಯಲ್ಲಿ ಸ್ಮಾರ್ಟ್ ಸ್ವಿಚ್ಚು ಕೂರಿಸಿ, ಮೊದಲಿನ ಕಡೆಗೆ ಅದಕ್ಕೆ ಹೊಂದುವ ಬ್ಯಾಟರಿಯ ಗುಂಡಿ ಇಟ್ಟರೆ ಸಾಕು.

3. ದೀಪದ ಸ್ಮಾರ್ಟ್ ಸ್ವಿಚ್ಚಿಗೆ ಪಂಪಿನ ಮೋಟಾರು ಜೋಡಿಸಕೂಡದು.

ಮೇನ್ ತೆಗೆದು, ವಿದ್ಯುತ್ ಇಲ್ಲವೆಂದು ಪರೀಕ್ಷಿಸಿದ ಮೇಲೆಯೇ, ಲೈಸೆನ್ಸ್ ಪಡೆದವರಿಂದ ಈ ಕೆಲಸ ಮಾಡಿಸುವುದು ಕ್ಷೇಮಕರ.