ಸಂಭವನೀಯತೆಯ ಪಾಠವೂ ಸಂಸಾರದ ಹಿತವೂ

ಗಣಿತವೆಂದೊಡನೆ ಅದು ಮಕ್ಕಳ ಪಾಲಿನ ಕಷ್ಟವೆಂದು ಬಗೆದು ಮನೆಯ ಹಿರಿಯರು ದೂರ ಸರಿಯುವುದು ಲೋಕರೂಢಿ. ಅದರಲ್ಲಿಯೂ ಹತ್ತನೆಯ ತರಗತಿಯ ಪುಸ್ತಕದಲ್ಲಿ ಬರುವ ಸಂಖ್ಯಾಶಾಸ್ತ್ರ, ಸಂಭವನೀಯತೆ ಎಂಬ ಎರಡು ಪಾಠಗಳನ್ನು ಕೆಲವು ಅಂಕಗಳಿಗಾಗಿ ಕಂಠಪಾಠ ಮಾಡಿ ಮರೆಯತಕ್ಕವೆಂದು ತಿಳಿದವರೇ ಬಹಳ. ಆದರೆ ಗಣಿತದಲ್ಲಿ ಸಂಸಾರಕ್ಕೆ ನೇರವಾಗಿ ಒದಗುವ ಭಾಗವೊಂದಿದ್ದರೆ ಅದು ಇದೇ ಎಂದು ನಾವು ಹೇಳುತ್ತೇವೆ. ನಿಪ್ಪಾಣಿ ಸೀಮೆಯ ನಮ್ಮ ಅಕ್ಕೋಳದಂಥ ಊರುಗಳಲ್ಲಂತೂ ಇದು ಅನ್ನದ ಪ್ರಶ್ನೆಯೇ ಆಗಿದೆ. ಅದು ಹೇಗೆಂಬುದನ್ನು ವಾಚಕರ ಮುಂದಿಡುವೆವು.

ಮೊದಲು ಸಂಖ್ಯಾಶಾಸ್ತ್ರವನ್ನು ನೋಡೋಣ. ಒಂದು ಓಣಿಯಲ್ಲಿ ಐದು ಮನೆಗಳಿವೆಯೆಂದೂ, ಅವುಗಳ ತಿಂಗಳ ಆದಾಯ ಕ್ರಮವಾಗಿ 8, 9, 9, 10 ಮತ್ತು 64 ಸಾವಿರ ರೂಪಾಯಿಗಳೆಂದೂ ಕಲ್ಪಿಸಿಕೊಳ್ಳಿರಿ. ಎಲ್ಲವನ್ನೂ ಕೂಡಿಸಿ ಐದರಿಂದ ಭಾಗಿಸಿದರೆ ಸರಾಸರಿ 20 ಸಾವಿರ. ಆದರೆ ಇಪ್ಪತ್ತು ಸಾವಿರ ಗಳಿಸುವ ಮನೆ ಆ ಓಣಿಯಲ್ಲಿ ಒಂದೂ ಇಲ್ಲ! ನಡುವಿನ ಮನೆಯ ಆದಾಯವಾದ ಮಧ್ಯಾಂಕ 9 ಸಾವಿರ. ಹೆಚ್ಚು ಸಲ ಬಂದ ಬಹುಲಕವೂ 9 ಸಾವಿರ. ಸರಾಸರಿಯೊಂದನ್ನೇ ನಂಬಿದವನು ಆ ಓಣಿಯ ಬಡತನವನ್ನು ಕಾಣಲಾರನು. ಸರಾಸರಿ, ಬಹುಲಕ ಎಂಬ ಮಾತುಗಳು ಮರಾಠಿಯಲ್ಲಿಯೂ ಇವೆಯಾದ ಕಾರಣ, ಎರಡೂ ಭಾಷೆಗಳು ಬೆರೆತ ನಮ್ಮ ಸೀಮೆಯ ಮನೆಗಳಲ್ಲಿ ಈ ಪಾಠಕ್ಕೆ ಭಾಷೆಯ ಅಡ್ಡಿಯೂ ಇಲ್ಲ.

ಇನ್ನು ಸಂಭವನೀಯತೆ. ನಮ್ಮ ಪೂರ್ವಿಕರಲ್ಲಿ ಪೌರಾಣಿಕರು 'ಸಂಭವ'ವನ್ನೂ ಒಂದು ಪ್ರಮಾಣವೆಂದು ಎಣಿಸಿದ್ದರು. ಸಾವಿರವಿದೆಯೆಂದರೆ ಅದರೊಳಗೆ ನೂರು ಇದ್ದೇ ಇದೆಯೆಂದು ತಿಳಿಯುವುದೇ ಅದರ ಉದಾಹರಣೆ. ಶಾಲೆಯ ಪಾಠವೂ ಇಡಿಯೊಳಗಿನ ಪಾಲನ್ನೇ ಕೇಳುತ್ತದೆ. ಆಗಬಹುದಾದ ಫಲಿತಗಳು ಎಷ್ಟು, ಅವುಗಳಲ್ಲಿ ನಮಗೆ ಬೇಕಾದವು ಎಷ್ಟು? ಎಲ್ಲ ಫಲಿತಗಳೂ ಸಮಸಂಭವವಾಗಿದ್ದರೆ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಂಭವನೀಯತೆ ದೊರೆಯುತ್ತದೆ. ಸಮವಾದ ದಾಳದಲ್ಲಿ ಆರು ಬೀಳುವ ಸಂಭವ ಆರರಲ್ಲೊಂದು. ಇಷ್ಟೇ ಮೂಲಸೂತ್ರ.

ಈ ಸಣ್ಣ ಸೂತ್ರವನ್ನು ಮಟಕಾ ಎಂಬ ಪೀಡೆಗೆ ಹಚ್ಚಿ ನೋಡಿರಿ. ನ್ಯೂಯಾರ್ಕಿನ ಅರಳೆಯ ಧಾರಣೆಯ ಅಂಕೆಗಳ ಮೇಲೆ ಮುಂಬಯಿಯಲ್ಲಿ ಹುಟ್ಟಿ, ಬಳಿಕ ಮಡಕೆಯಿಂದ ಚೀಟಿ ಎತ್ತುವ ಕ್ರಮದಿಂದ ಈ ಹೆಸರು ಪಡೆದ ಜೂಜು, ಶಾಸನದಿಂದ ನಿಷಿದ್ಧವಾಗಿದ್ದರೂ ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಕೂಲಿಯ ಹಣವನ್ನು ನುಂಗಿದೆ. 'ರೂಪಾಯಿಗೆ ಎಂಬತ್ತು' ಎಂಬುದು ಅದರ ಕರೆ. ಕೇಳುವವನಿಗೆ ಎಂಬತ್ತು ಮಾತ್ರ ಕೇಳಿಸುತ್ತದೆ, ನೂರು ಕೇಳಿಸುವುದಿಲ್ಲ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಜೋಡಿ ಅಂಕೆಗಳು ನೂರು. ಒಬ್ಬನು ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದರೆ ಗೆಲುವು ನಿಶ್ಚಯ. ಆದರೆ ಕೊಟ್ಟದ್ದು ನೂರು, ಬಂದದ್ದು ಎಂಬತ್ತು! ಅಂದರೆ ಕಟ್ಟಿದ ಪ್ರತಿ ರೂಪಾಯಿಗೆ ಸರಾಸರಿ ಇಪ್ಪತ್ತು ಪೈಸೆಯ ಹಾನಿ ಒಪ್ಪಂದದಲ್ಲಿಯೇ ಅಡಗಿದೆ. ಇದೂ ಆಟ ಪ್ರಾಮಾಣಿಕವಾಗಿ ನಡೆದರೆ ಮಾತ್ರ. ಕೈಯೊಳಗಿನ ಫೋನಿನಲ್ಲಿ ಹಣ ಪಣವಿಟ್ಟು ಆಡುವ ಆಟಗಳನ್ನು ಕೇಂದ್ರ ಸರಕಾರವು 2025ರಲ್ಲಿ ಕಾಯಿದೆ ಮಾಡಿ ನಿಷೇಧಿಸಿತು. ಆದರೆ ಕಾಯಿದೆಯು ಹೊರಗಿನ ಬಾಗಿಲನ್ನು ಮುಚ್ಚಬಲ್ಲುದು. ಒಳಗಿನ ಆಸೆಯನ್ನು ತಡೆಯಬೇಕಾದದ್ದು ಲೆಕ್ಕವೇ.

ಆಡುವವನ ಬಾಯಲ್ಲಿ ಇನ್ನೆರಡು ಮಾತು ಸದಾ ಇರುತ್ತವೆ. "ಈ ಅಂಕೆ ಬಹಳ ದಿವಸದಿಂದ ಬಂದಿಲ್ಲ, ಇಂದು ಬರಲೇಬೇಕು" ಎಂಬುದು ಒಂದು. ಮಡಕೆಗೆ ನಿನ್ನೆಯ ನೆನಪಿಲ್ಲ. ಇಂದಿನ ಸಂಭವವೂ ನೂರರಲ್ಲೊಂದೇ. "ನೂರು ದಿವಸ ಆಡಿದರೆ ಒಂದು ಸಲವಾದರೂ ಹೊಡೆಯದೆ ಇರದು" ಎಂಬುದು ಇನ್ನೊಂದು. ಒಂದು ದಿನ ತಪ್ಪುವ ಸಂಭವ ನೂರರಲ್ಲಿ ತೊಂಬತ್ತೊಂಬತ್ತು. ಆ ಭಿನ್ನರಾಶಿಯನ್ನು ನೂರು ಸಲ ಗುಣಿಸಿದರೆ ಸುಮಾರು 0.37 ಉಳಿಯುತ್ತದೆ. ಎಂದರೆ ದಿನಕ್ಕೊಂದು ಅಂಕೆಯಂತೆ ನೂರು ದಿವಸ ಆಡಿದ ನೂರು ಜನರಲ್ಲಿ ಸುಮಾರು ಮೂವತ್ತೇಳು ಜನರಿಗೆ ಒಮ್ಮೆಯೂ ಗೆಲುವಿಲ್ಲ.

ಇದೇ ಲೆಕ್ಕ ಆಪತ್ತಿನಲ್ಲಿ ಬೇರೊಂದು ಬಗೆಯಾಗಿ ಎಚ್ಚರಿಸುತ್ತದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ದಡ ಮೀರಿ ನಮ್ಮ ಸೀಮೆಯ ಹೊಲಮನೆಗಳನ್ನು ಮುಳುಗಿಸಿದವು. 'ನೂರು ವರ್ಷಕ್ಕೊಮ್ಮೆಯ ಪ್ರವಾಹ' ಎಂದು ತಜ್ಞರು ಹೇಳಿದರೆ, ಒಮ್ಮೆ ಬಂದ ಮೇಲೆ ನೂರು ವರ್ಷ ನಿಶ್ಚಿಂತೆಯೆಂದು ಅರ್ಥವಲ್ಲ. ಪ್ರತಿ ವರ್ಷವೂ ಅದರ ಸಂಭವ ನೂರರಲ್ಲೊಂದು ಎಂದರ್ಥ. ಅಂಥ ನೆರೆ ತಾಗುವ ಜಾಗದಲ್ಲಿ ಮೂವತ್ತು ವರ್ಷ ಬಾಳುವ ಮನೆತನಕ್ಕೆ ಒಮ್ಮೆಯಾದರೂ ಅದು ಒದಗುವ ಸಂಭವ ನಾಲ್ಕರಲ್ಲೊಂದು ಪಾಲಿಗಿಂತ ತುಸು ಅಧಿಕ. ಮನೆಯ ಪಾಯ ಎಲ್ಲಿ ಹಾಕಬೇಕೆಂಬುದನ್ನು ಈ ಲೆಕ್ಕವೂ ಹೇಳುತ್ತದೆ.

ಇಂಥ ವಿಚಾರ ನಮ್ಮ ಜನಕ್ಕೆ ಹೊಸತಲ್ಲ. ಮಹಾಭಾರತದ ವನಪರ್ವದ ನಳೋಪಾಖ್ಯಾನವನ್ನು ನೆನೆಯಿರಿ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಿಗೆ ಸಾರಥಿಯಾಗಿದ್ದನು. ದಾರಿಯಲ್ಲಿ ಒಂದು ತಾರೆಯ ಮರವನ್ನು ಕಂಡು, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಹಣ್ಣುಗಳೂ ಇವೆಯೆಂದು ಋತುಪರ್ಣನು ಹೇಳಿದನು. ನಳನು ಮರವನ್ನು ಕಡಿದು ಎಣಿಸಲು ಲೆಕ್ಕ ಸರಿಯಾಗಿತ್ತು. ತನ್ನ ಅಶ್ವವಿದ್ಯೆಯನ್ನು ಕೊಡುವುದಾಗಿ ಹೇಳಿ ನಳನು ಆ ಅರಸನಿಂದ ಅಕ್ಷಹೃದಯವನ್ನು, ಎಂದರೆ ದಾಳದ ಮರ್ಮವನ್ನು, ಕಲಿತನು; ಕಲಿತ ಕ್ಷಣವೇ ಕಲಿ ಅವನ ಮೈಬಿಟ್ಟು ಹೊರಟನು. ಪ್ರಾಚೀನರು ತಾರೆಯ ಕಾಯಿಗಳಿಂದಲೇ ಜೂಜಾಡುತ್ತಿದ್ದರೆಂಬುದನ್ನು ಇಲ್ಲಿ ಮರೆಯಲಾಗದು. ಗಣನೆಯೂ ದ್ಯೂತದ ಮರ್ಮವೂ ಒಂದೇ ಮರದ ಕೆಳಗೆ ಕೂಡಿದ ಕಥೆ ಇದು. ಸಂಖ್ಯೆಯನ್ನು ಅರಿತವನ ಮೈಯಲ್ಲಿ ಕಲಿ ನಿಲ್ಲಲಾರನೆಂಬುದೇ ಇದರ ತಾತ್ಪರ್ಯವೆಂದು ನಾವು ಭಾವಿಸುತ್ತೇವೆ.

ಮುಂದೆ ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ವಸ್ತುಗಳನ್ನು ಎಷ್ಟು ವಿಧವಾಗಿ ಆರಿಸಿ ಕೂಡಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟನು. ಷಡ್ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೆ ಬೆರೆಸಿದರೆ 6, 15, 20, 15, 6, 1. ಒಟ್ಟು 63 ರುಚಿಗಳು. ಫಲಿತಗಳನ್ನು ಬಿಡದೆ ಎಣಿಸುವ ಈ ವಿದ್ಯೆಯೇ ಸಂಭವನೀಯತೆಗೆ ಅಡಿಗಲ್ಲು. ನಮ್ಮ ಕಾಲದಲ್ಲಿ, 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1945ರ ತಮ್ಮ ಪ್ರಬಂಧದಿಂದ ಲೋಕವಿಖ್ಯಾತರಾಗಿ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪುರಸ್ಕಾರವನ್ನು ಪಡೆದು, ಅದೇ ವರ್ಷ ನೂರೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆದ ಕಾರಣ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಹತ್ತನೆಯ ತರಗತಿಯ ಮಗನೋ ಮಗಳೋ ಈ ಪಾಠವನ್ನು ತೆರೆದಾಗ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಚೌಕಾಬಾರದ ಒಂದು ಕವಡೆಯನ್ನು ನೂರು ಸಲ ಎಸೆದು, ಅಂಗಾತ ಬಿದ್ದದ್ದೆಷ್ಟು, ಮಗುಚಿ ಬಿದ್ದದ್ದೆಷ್ಟು ಎಂದು ಗೆರೆ ಹಾಕಿಸಿರಿ. ಕವಡೆಯ ಎರಡು ಮೈ ಒಂದೇ ತೆರನಲ್ಲವಾದ್ದರಿಂದ ಅರ್ಧಕ್ಕರ್ಧವೆಂದು ಮೊದಲೇ ಹೇಳಲಾಗದು, ಎಣಿಸಿಯೇ ತಿಳಿಯಬೇಕು. ಅನಂತರ ಮಟಕಾದ ಲೆಕ್ಕವನ್ನು ಆ ಮಗುವಿನ ಬಾಯಿಂದಲೇ ಮನೆಯವರೆಲ್ಲ ಕೇಳುವಂತೆ ಹೇಳಿಸಿರಿ. ಹಿರಿಯರ ಬೈಗುಳಕ್ಕೆ ಬಗ್ಗದ ಮನಸ್ಸು ಮಗುವಿನ ಭಾಗಾಕಾರಕ್ಕೆ ನಾಚಿ ಬಗ್ಗುವುದುಂಟು. ಪರೀಕ್ಷೆಯ ಅಂಕಗಳು ಒಂದು ವರ್ಷದವು. ಸಂಜೆ ಕೂಲಿಯ ಹಣ ಇಡಿಯಾಗಿ ಮನೆಗೆ ಬರುವಂತೆ ಮಾಡುವ ಅರಿವು ಬಾಳುವವರೆಗಿನದು.