ಎರಡು ಕೌಂಟರ್, ಒಂದೇ ಬೀನ್?

ಪ್ರಶ್ನೆ: ದೇವಸ್ಥಾನವೊಂದರ ಸೇವಾ ರಶೀದಿಗೆ ಜಾವಾದಲ್ಲಿ ತಂತ್ರಾಂಶ ಬರೆಯುತ್ತಿದ್ದೇನೆ. ಎರಡು ಕೌಂಟರ್‌ಗಳು ಒಂದೇ ಸ್ಟೇಟ್‌ಫುಲ್ ಸೆಷನ್ ಬೀನನ್ನು ಹಂಚಿಕೊಳ್ಳಬಹುದೇ?
– ಓದುಗರು, ಅಂಬಲಪಾಡಿ

ಉತ್ತರ: ದಯವಿಟ್ಟು ಬೇಡ. ಸ್ಟೇಟ್‌ಫುಲ್ ಬೀನ್ ಇರುವುದೇ ಒಬ್ಬ ಕ್ಲೈಂಟ್‌ನ ನೆನಪು ಕಾಯಲು. ಅದರ ರೆಫರೆನ್ಸನ್ನು ಎರಡನೆಯ ಕೌಂಟರಿಗೆ ದಾಟಿಸಬಹುದು, ಕೋಡ್ ಓಡಲೂಬಹುದು. ಆದರೆ ಮೊದಲ ಕೌಂಟರಿನ ಕರೆಯಲ್ಲಿ ಅನಿರೀಕ್ಷಿತ ರನ್‌ಟೈಮ್ ಎಕ್ಸೆಪ್ಶನ್ ಬಂತೆನ್ನಿ, ಕಂಟೇನರ್ ಆ ಬೀನನ್ನೇ ನಾಶಮಾಡುತ್ತದೆ. ಏನೂ ತಪ್ಪು ಮಾಡದ ಎರಡನೆಯವರು ರಶೀದಿ ಒತ್ತಿದರೆ ಸಿಗುವುದು 'ಅಂಥ ಇಜೆಬಿ ಇಲ್ಲ' ಎಂಬ ದೋಷ. ಎದುರಿಗೆ ಭಕ್ತರ ಸಾಲು. ಬಹಳ ಹೊತ್ತು ಯಾರೂ ಬಳಸದಿದ್ದರೂ ಬೀನ್ ಅಳಿಯಬಹುದು.

ಹಂಚಿಕೊಳ್ಳಲೆಂದೇ 2009ರ ಜಾವಾ ಇಇ 6ರ ಭಾಗವಾದ ಇಜೆಬಿ 3.1 ಸಿಂಗಲ್ಟನ್ ಬೀನ್ ತಂದಿತು. ಎಕ್ಸೆಪ್ಶನ್ ಬಂದರೂ ಅದು ಉಳಿಯುತ್ತದೆ. ಏನನ್ನೂ ಸೂಚಿಸದಿದ್ದರೆ ಪ್ರತಿ ಮೆಥಡ್‌ಗೂ ರೈಟ್ ಲಾಕ್ ಬೀಳುವುದರಿಂದ ಕರೆಗಳು ಒಂದೊಂದಾಗಿ ಸಾಗುತ್ತವೆ. ಸೇವೆಗಳ ದರಪಟ್ಟಿ ಓದುವಂಥ ಮೆಥಡ್‌ಗಳಿಗೆ ರೀಡ್ ಲಾಕ್ ಕೊಡಿ, ಇಲ್ಲವಾದರೆ ಹಬ್ಬದ ದಿನ ಎರಡೂ ಕೌಂಟರ್ ನಿಧಾನವಾಗುತ್ತವೆ.

ರಶೀದಿ ಸಂಖ್ಯೆಯನ್ನು ಮಾತ್ರ ಸಿಂಗಲ್ಟನ್‌ನಲ್ಲೂ ಇಡಬೇಡಿ. ಸರ್ವರ್ ಮರುಪ್ರಾರಂಭವಾದರೆ ಅದು ಅಳಿಯುತ್ತದೆ. ಸರ್ವರ್‌ಗಳು ಎರಡಾದರೆ ಸಿಂಗಲ್ಟನ್ನೂ ಎರಡಾಗುತ್ತದೆ. ಸಂಖ್ಯೆ ಡೇಟಾಬೇಸಿನ ಸೀಕ್ವೆನ್ಸ್‌ನಿಂದ ಬರಲಿ.